ಗೆರೆಯೂ ಅಕ್ಷರವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗೆರೆಯ ಮಹಿಮೆಯನ್ನು ಗಡಿನಾಡಿನವರಾದ ನಮಗೆ ಯಾರೂ ಹೊಸದಾಗಿ ತಿಳಿಸಬೇಕಾಗಿಲ್ಲ. 1956ನೆಯ ನವೆಂಬರ್ 1ರಂದು ಭೂಪಟದ ಒಂದು ಗೆರೆಯು ಕಾಸರಗೋಡನ್ನು ಕೇರಳಕ್ಕೆ ಸೇರಿಸಿತು. ಆದರೆ ನಾವು ಇಂದು ಹೇಳಹೊರಟಿರುವುದು ಗಣಕಯಂತ್ರದೊಳಗಿನ ಗೆರೆಯ ಮಾತು. ಕನ್ನಡ ಪಂಡಿತರಿಗೆ ಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಅಕ್ಷರವು ಎಲ್ಲಿ ನೆಲಸುವುದೋ ಅಲ್ಲಿ ಪಂಡಿತರಿಗೂ ಕೆಲಸವುಂಟು ಎಂಬುದೇ ನಮ್ಮ ಉತ್ತರ.

ಯಂತ್ರವು ಅಕ್ಷರವನ್ನು ಅರಿಯದು. ಅದು ಬಲ್ಲದ್ದು ಸಂಖ್ಯೆಯನ್ನು ಮಾತ್ರ. ಇಂತಹ ಸಂಖ್ಯೆಗೆ ಇಂತಹ ಅಕ್ಷರವೆಂದು ಮನುಷ್ಯರು ಕಟ್ಟಳೆ ಮಾಡಿಕೊಂಡಿರುವರು. 1981ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಪ್ರತಿ ಚಿಹ್ನೆಗೂ 0ಯಿಂದ 255ರ ವರೆಗಿನ ಒಂದು ಸಂಖ್ಯೆಯಿದ್ದಿತು. ಬರೆಹವನ್ನು ತೋರುವಾಗ ಅದರ ತೆರೆಯಲ್ಲಿ 25 ಸಾಲುಗಳು, ಸಾಲಿಗೆ 80 ಮನೆಗಳು. ಮನೆಗೆ ಒಂದೇ ಚಿಹ್ನೆ. ಅಂತಹ ತೆರೆಯ ಮೇಲೆ ಲೆಕ್ಕದ ಪಟ್ಟಿಗೆ ಚೌಕಟ್ಟು ಹಾಕುವ ಬಗೆ ಹೇಗೆ? ಗೆರೆಯನ್ನೂ ಅಕ್ಷರದಂತೆಯೇ ಎಣಿಸಿ, 179ರಿಂದ 218ರ ವರೆಗಿನ 40 ಸಂಖ್ಯೆಗಳನ್ನು ರೇಖಾಚಿಹ್ನೆಗಳಿಗೆ ಕೊಟ್ಟರು: ನೆಟ್ಟಗೆರೆ, ಅಡ್ಡಗೆರೆ, ಮೂಲೆಗಳು, ಕೂಡುಗೆರೆಗಳು; ಒಂಟಿಯವು, ಜೋಡಿಯವು, ಎರಡೂ ಬೆರೆತವು.

ಅಕ್ಷರಗಳ ನಡುವೆ ತೆರಪು ಬೇಕು. ಗೆರೆಗೆ ತೆರಪು ಕೂಡದು. ಆದುದರಿಂದ ಆ ಯಂತ್ರದ ಏಕವರ್ಣದ ತೆರೆಯಲ್ಲಿ ಪ್ರತಿ ಮನೆಯ ಒಂಬತ್ತನೆಯ ಚುಕ್ಕೆಯನ್ನು ಬರಿದಾಗಿ ಬಿಟ್ಟು, 192ರಿಂದ 223ರ ವರೆಗಿನ ಚಿಹ್ನೆಗಳಿಗೆ ಮಾತ್ರ ಎಂಟನೆಯ ಚುಕ್ಕೆಯನ್ನೇ ಅಲ್ಲಿಯೂ ಮೂಡಿಸಿದರು. ಅಡ್ಡಗೆರೆಯು ಕಡಿಯದೆ ಸಾಗಿತು.

ಇತ್ತ ನಮ್ಮ ದೇಶದಲ್ಲಿ ಭಾರತೀಯ ಲಿಪಿಗಳಿಗಾಗಿ ‘ಇಸ್ಕಿ’ ಎಂಬ ಸಂಕೇತಪದ್ಧತಿ ರೂಪುಗೊಂಡು, 1991ರಲ್ಲಿ ಭಾರತೀಯ ಮಾನಕವಾಗಿ ಪ್ರಕಟವಾಯಿತು. ಅದರಲ್ಲಿ 179 ಎಂದರೆ ‘ಕ’, 196 ಎಂದರೆ ‘ದ’. ಐ.ಬಿ.ಎಂ. ಪಟ್ಟಿಯಲ್ಲಿಯಾದರೋ 179 ನೆಟ್ಟಗೆರೆ, 196 ಅಡ್ಡಗೆರೆ! ನಾವು ‘ಕದ’ ಎಂದು ಬರೆದುದನ್ನು ಆ ಪಟ್ಟಿಯನ್ನೇ ಬಲ್ಲ ಯಂತ್ರವು ನಿಂತ ಗೆರೆಯೊಂದನ್ನೂ ಮಲಗಿದ ಗೆರೆಯೊಂದನ್ನೂ ಮಾಡಿ ತೋರುವುದು. ಸಂಖ್ಯೆಯು ಅಳಿದಿಲ್ಲ; ಕಟ್ಟಳೆ ಬೇರೆಯಾದುದರಿಂದ ಕನ್ನಡವು ಕಾಣದಾಯಿತು. ಇಸ್ಕಿಯಲ್ಲಿ ಕನ್ನಡದ ‘ಕ’ಕಾರಕ್ಕೂ ಮಲಯಾಳದ ‘ಕ’ಕಾರಕ್ಕೂ ಸಂಖ್ಯೆಯೊಂದೇ, ಲಿಪಿ ಯಾವುದೆಂಬುದನ್ನು ಬೇರೊಂದು ಸೂಚನೆಯಿಂದ ಅರಿಯಬೇಕಾಗಿತ್ತು.

ಈ ತೊಡಕನ್ನು ಬಿಡಿಸಿದುದು ಅದೇ 1991ರಲ್ಲಿ ಮೊದಲ ಆವೃತ್ತಿಯನ್ನು ಕಂಡ ಯುನಿಕೋಡ್. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರ ವರೆಗೆ 128 ಸ್ಥಾನಗಳು. ರೇಖಾಚಿಹ್ನೆಗಳಿಗೆ 9472ರಿಂದ 9599ರ ವರೆಗೆ ಅಷ್ಟೇ ಸ್ಥಾನಗಳು. ನಮ್ಮ ‘ಕ’ ಈಗ 3221; ನೆಟ್ಟಗೆರೆ 9474. ಮಲಯಾಳದ ‘ಕ’ಕಾರಕ್ಕೂ ಅದರದೇ ಸಂಖ್ಯೆಯುಂಟು. ಯಾರೂ ಯಾರ ಮನೆಯನ್ನೂ ಕಸಿದುಕೊಂಡಿಲ್ಲ. ಕಾಸರಗೋಡಿನಲ್ಲಿ ಬರೆದ ‘ಕ’ಕಾರವೂ ಸೊಲ್ಲಾಪುರ, ಹೊಸೂರು, ಬೆಂಗಳೂರುಗಳಲ್ಲಿ ಬರೆದ ‘ಕ’ಕಾರವೂ ಒಂದೇ ಸಂಖ್ಯೆ.

ಇಷ್ಟಾದರೂ ಹಳೆಯ ಅಪಾಯವು ಪೂರ್ಣವಾಗಿ ತೊಲಗಿಲ್ಲ. ರೋಮನ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರವನ್ನು ತೊಡಿಸಿದ ಹಳೆಯ ಫಾಂಟುಗಳಲ್ಲಿ ಎಷ್ಟೋ ಬರೆಹಗಳು ಉಳಿದಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಗೋಜಲು. ವೇಷವು ಕನ್ನಡ, ಒಡಲು ಅನ್ಯ. ಮನವಿಪತ್ರಗಳು, ಸಭೆಯ ನಡವಳಿಗಳು, ಸಂಚಿಕೆಯ ಲೇಖನಗಳು ಇವೆಲ್ಲ ನಾವು ಇಲ್ಲಿ ಕನ್ನಡಿಗರಾಗಿ ಬಾಳಿದುದಕ್ಕೆ ಸಾಕ್ಷಿ. ಮುಂದಿನವರು ಅವನ್ನು ತೆರೆದಾಗ ಅಕ್ಷರವೇ ಕಾಣಿಸದಿದ್ದರೆ ಸಾಕ್ಷಿ ಹೇಳುವವರು ಯಾರು?

ಆದುದರಿಂದ ಸಂಘದ ತರುಣರಲ್ಲಿ ನಮ್ಮ ಬಿನ್ನಹವಿಷ್ಟೇ: ಹೊಸತನ್ನು ಯುನಿಕೋಡಿನಲ್ಲಿಯೇ ಬರೆಯಿರಿ, ಹಳೆಯದನ್ನು ಅದಕ್ಕೆ ಮಾರ್ಪಡಿಸಿ, ಒಮ್ಮೆ ಓದಿ ತಿದ್ದಿ, ಕಾದಿರಿಸಿರಿ. ಭೂಪಟದ ಗೆರೆಯನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ; ಅಕ್ಷರವನ್ನು ಉಳಿಸುವುದು ನಮ್ಮ ಕೈಯಲ್ಲಿಯೇ ಇದೆ.