ಸಾರಿಗೆ ಹಾಕಿದ ಮಾತ್ರೆ

ನಾನು ಡಾಕ್ಟರೂ ಅಲ್ಲ, ವಕೀಲೆಯೂ ಅಲ್ಲ. ಸ್ಕಿಜೋಫ್ರೇನಿಯಾ ಇರೋ ತಮ್ಮನಿಗೆ ಅಕ್ಕ, ಅಷ್ಟೇ. ಪುಣೆಯಲ್ಲಿ ನಾವಿಬ್ಬರೂ 19 ವರ್ಷದಿಂದ ಒಂದೇ ಮನೆಯಲ್ಲಿದ್ದೀವಿ.

ಇವತ್ತಿನ ವಿಷಯ, ಕೋರ್ಟ್ ಆದೇಶದ ಮೇಲೆ ಕೊಡೋ ಚಿಕಿತ್ಸೆ. ಆಸ್ಪತ್ರೆಗೆ ಹಾಕೋದಲ್ಲ. ಮನೆಯಲ್ಲೇ ಇರು, ಆದರೆ ಡಾಕ್ಟರ ಹತ್ತಿರ ಹೋಗಲೇಬೇಕು, ಔಷಧಿ ತಗೋಬೇಕು ಅಂತ ನ್ಯಾಯಾಧೀಶರು ಹೇಳೋದು.

ನ್ಯೂಯಾರ್ಕಿನಲ್ಲಿ ಇದಕ್ಕೆ ಕೆಂಡ್ರಾ ಕಾನೂನು ಅಂತಾರೆ. 1999ರ ಜನವರಿ 3ರಂದು ಕೆಂಡ್ರಾ ವೆಬ್‌ಡೇಲ್ ಅನ್ನೋ 32 ವರ್ಷದ ಹೆಣ್ಣುಮಗಳು ಸಬ್‌ವೇ ಸ್ಟೇಷನ್ನಿನಲ್ಲಿ ರೈಲಿಗೆ ಕಾಯ್ತಾ ನಿಂತಿದ್ದರು. ಆಂಡ್ರೂ ಗೋಲ್ಡ್‌ಸ್ಟೀನ್ ಎಂಬಾತ ಅವರನ್ನು ರೈಲಿನ ಮುಂದೆ ತಳ್ಳಿಬಿಟ್ಟ. ಅವನಿಗೆ ಸ್ಕಿಜೋಫ್ರೇನಿಯಾ, ಔಷಧಿ ಬಿಟ್ಟಿದ್ದ. ಅದೇ ವರ್ಷ ಕಾನೂನು ಬಂತು. ಅದಕ್ಕಾಗಿ ಓಡಾಡಿದವರಲ್ಲಿ ಕೆಂಡ್ರಾ ಅವರ ತಂದೆ ತಾಯಿಯೂ ಇದ್ದರು.

ಈ ಕಥೆ ಹೇಳುವಾಗ ಒಂದು ಭಾಗ ಬಿಟ್ಟುಹೋಗುತ್ತೆ. ಆ ಮನುಷ್ಯ ಅದಕ್ಕೂ ಮೊದಲು ತಾನಾಗಿಯೇ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಿದ್ದ. ಕೆಲವು ದಿನ ಇಟ್ಟುಕೊಂಡು ಕಳಿಸಿಬಿಡ್ತಿದ್ದರು. ಯಾರಾದರೂ ನೋಡಿಕೊಳ್ಳೋ ಕಡೆ ಇರೋಕೆ ಜಾಗ ಕೇಳಿದ್ದ, ಸಿಗಲಿಲ್ಲ.

ಆ ಕಾನೂನಿನಲ್ಲೂ ಬಲವಂತವಾಗಿ ಬಾಯಿಗೆ ಮಾತ್ರೆ ಹಾಕೋ ಹಾಗಿಲ್ಲ. ಆದೇಶ ಮೀರಿದರೆ ಆಸ್ಪತ್ರೆಗೆ ಒಯ್ದು 72 ಗಂಟೆಯವರೆಗೆ ಇಟ್ಟು ಪರೀಕ್ಷೆ ಮಾಡಬಹುದು. ಆದರೆ ರೋಗಿಯ ಪರವಾಗಿ ವಕೀಲರು ಇರ್ತಾರೆ, ಆದೇಶದ ಜೊತೆಗೆ ಅವನನ್ನು ನೋಡಿಕೊಳ್ಳೋಕೆ ಒಬ್ಬ ಕೇಸ್ ಮ್ಯಾನೇಜರೋ ಒಂದು ತಂಡವೋ ಬರುತ್ತೆ. ಇಂಗ್ಲೆಂಡಿನಲ್ಲೂ 2008ರಿಂದ ಇಂಥ ಆದೇಶ ಇದೆ, ಡಾಕ್ಟರೇ ಕೊಡೋದು. 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ: ವರ್ಷದೊಳಗೆ ಮತ್ತೆ ಆಸ್ಪತ್ರೆ ಸೇರಿದವರು ಆ ಆದೇಶ ಇದ್ದವರಲ್ಲೂ ನೂರಕ್ಕೆ 36, ಸ್ವಲ್ಪ ಕಾಲದ ನಿರ್ಬಂಧ ಮಾತ್ರ ಇದ್ದವರಲ್ಲೂ 36.

ನಮ್ಮ ದೇಶದ 2017ರ ಕಾಯ್ದೆಯಲ್ಲಿ ಇಂಥ ಆದೇಶವೇ ಇಲ್ಲ. ಕಲಂ 89ರ ಕೆಳಗೆ ರೋಗಿ ಒಪ್ಪದಿದ್ದರೂ 30 ದಿನದವರೆಗೆ ಅಡ್ಮಿಟ್ ಮಾಡಬಹುದು, ಇನ್ನೂ ಬೇಕಾದರೆ ಕಲಂ 90 ಇದೆ. ಮನೆಗೆ ಬಂದ ಮೇಲೆ? ನಾವೇ ಕೋರ್ಟು, ನಾವೇ ಪೊಲೀಸು.

ನಾನು ಏನು ಮಾಡಿದೆ ಹೇಳ್ತೀನಿ. ಮಾತ್ರೆ ಪುಡಿ ಮಾಡಿ ಅವನ ಸಾರಿಗೆ ಹಾಕ್ತಿದ್ದೆ. ಎಂಟು ತಿಂಗಳು. ಒಂದು ಸಂಜೆ ಕುಟ್ಟಾಣಿಯಲ್ಲಿ ಬಿಳಿ ಪುಡಿ ಕಂಡ. ಕೂಗಾಡಲಿಲ್ಲ. ಮಾರನೇ ದಿನದಿಂದ ಮನೆ ಊಟ ಬಿಟ್ಟ. ಹೊರಗಿನ ವಡಾಪಾವ್, ಇಲ್ಲ ಅಂದರೆ ಒಡೆಯದ ಬಿಸ್ಕತ್ ಪ್ಯಾಕೆಟ್. ಯಾರೋ ಊಟದಲ್ಲಿ ಏನೋ ಹಾಕ್ತಾರೆ ಅನ್ನೋದು ಅವನ ಕಾಯಿಲೆಯ ಭ್ರಮೆ. ಅದನ್ನು ನಿಜ ಮಾಡಿದವಳು ನಾನು. ಆ ವರ್ಷ ಎರಡು ಸಲ ಅಡ್ಮಿಟ್ ಆದ.

ಆಗ ಇಂಥ ಕೋರ್ಟ್ ಇದ್ದಿದ್ದರೆ ಓಡಿಹೋಗ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಕದ್ದು ಹಾಕೋದಕ್ಕಿಂತ ಅವನ ಎದುರಿಗೆ ನಡೆಯೋ ವಿಚಾರಣೆ ಎಷ್ಟೋ ವಾಸಿ. ಆದರೆ ಆದೇಶ ಬಂದರೂ ಮನೆಗೆ ಬಂದು ಅವನ ಜೊತೆ ಕೂತು ಮಾತಾಡೋರು ಯಾರು? ನಮಗೆ ಒಪಿಡಿಯಲ್ಲಿ ಸಿಗೋದೇ ಐದು ನಿಮಿಷ.

ಈಗ ಕಲಂ 5ರ ಪ್ರಕಾರ ಅವನು ಅಡ್ವಾನ್ಸ್ ಡೈರೆಕ್ಟಿವ್ ಬರೆದಿದ್ದಾನೆ. ಹುಷಾರಿಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಚೆನ್ನಾಗಿದ್ದಾಗಲೇ ಬರೆದಿಡೋದು. ಎರಡು ಸಂಜೆ ಕೂತು ಬರೆದ. ತಿಂಗಳಿಗೊಂದು ಇಂಜೆಕ್ಷನ್ ಆಗಬಹುದು ಅಂದ. ತನ್ನ ಪ್ರತಿನಿಧಿ ಅಂತ ನನ್ನ ಹೆಸರು ಹಾಕಲಿಲ್ಲ, ಚಿಕ್ಕಪ್ಪನ ಮಗನದು ಹಾಕಿದ. ಕೊನೆಯಲ್ಲಿ ಒಂದು ಸಾಲು: ಊಟದಲ್ಲಿ ಔಷಧಿ ಬೆರೆಸಬಾರದು. ಕೆಳಗೆ ಸಾಕ್ಷಿ ಸಹಿ ನಂದು.