ದೇವರನ್ನು ಬಿಟ್ಟವನು ಜನರನ್ನು ಬಿಡಲಿಲ್ಲ

ಇವತ್ತು ಸೆಪ್ಟೆಂಬರ್ 8. ಹರಿಹರದಲ್ಲಿ ಆರೋಗ್ಯಮಾತೆಯ ಹಬ್ಬ. ದಾವಣಗೆರೆ ಕಡೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ, ಬಸ್ ಹತ್ತಿದರೆ ಅರ್ಧ ಗಂಟೆ ದಾರಿ. 2019ರಲ್ಲಿ ಬಸಿಲಿಕಾ ಅನ್ನೋ ಪದವಿ ಪಡೆದ ಈ ಚರ್ಚಿಗೆ ಹರಕೆ ಹೊತ್ತು ಬರೋರು ಬರೀ ಕ್ರೈಸ್ತರಲ್ಲ. ಕುಂಕುಮ ಇಟ್ಟ ಅಮ್ಮಂದಿರೂ ಮೇಣದಬತ್ತಿ ಹಚ್ಚಿ ಕೈ ಮುಗಿದು ಹೋಗ್ತಾರೆ. ಅದೇ ಊರಲ್ಲಿ 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿ ಇದೆ. ಒಂದೇ ಮೂರ್ತಿ, ಅರ್ಧ ಹರಿ, ಅರ್ಧ ಹರ.

ಬೇರೆ ಬೇರೆ ದೇವರನ್ನ ನಂಬೋರು ಒಟ್ಟಿಗೆ ಬಾಳೋದು ಹೇಗೆ ಅಂತ ಆ ಊರಿಗೆ ಗೊತ್ತು. ಆದರೆ ನಂಬಿಕೆಯನ್ನೇ ಬಿಟ್ಟವನು ನಂಬೋರ ಜೊತೆ ಬಾಳೋದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನೂ ಹೇಳ್ತೀನಿ.

ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಹರಿಹರದಿಂದ ದಿನಾ ಓಡಾಡೋ ಒಬ್ಬ ಗೆಳೆಯ ಇದ್ದ. ಅವನ ಒಪ್ಪಿಗೆ ಕೇಳಿಯೇ ಮಾತಾಡ್ತಿದ್ದೀನಿ, ಹೆಸರು ಹೇಳಲ್ಲ. ಕ್ಯಾಥೊಲಿಕ್ ಮನೆ. ಭಾನುವಾರದ ಪೂಜೆಯಲ್ಲಿ ಹಾಡೋ ಹುಡುಗ. ಶನಿವಾರ ನಾವೆಲ್ಲ ಮಂಡಕ್ಕಿ ಮಿರ್ಚಿ ಅಂತ ಹೊರಟರೆ, ಇವನು "ಪ್ರಾಕ್ಟೀಸ್ ಐತಲೇ" ಅಂತ ಬಸ್ಸಿಗೆ ಓಡ್ತಿದ್ದ. ಆಮೇಲೆ ಕೆಲಸ, ಬೆಂಗಳೂರು. ನಂಬಿಕೆ ಸ್ವಲ್ಪ ಸ್ವಲ್ಪವೇ ಸಡಿಲ ಆಯ್ತು. ಯಾರೂ ಅವನ ತಲೆ ಕೆಡಿಸಲಿಲ್ಲ, ಬೇರೆ ಧರ್ಮಕ್ಕೂ ಹೋಗಲಿಲ್ಲ. ಒಂದಿನ ಅವನಿಗೇ ಗೊತ್ತಾಯ್ತು, ಬಾಯಲ್ಲಿ ಪ್ರಾರ್ಥನೆ ಬರ್ತಿದೆ, ಕೇಳೋರು ಯಾರೋ ಇದ್ದಾರೆ ಅಂತ ಮಾತ್ರ ಅನಿಸ್ತಿಲ್ಲ.

ಈಗ ನನ್ನ ತಪ್ಪು. 2022ರಲ್ಲಿ ರಾಜ್ಯದಲ್ಲಿ ಮತಾಂತರ ಕಾಯ್ದೆಯ ಗಲಾಟೆ. ಪ್ರತಿ ರಾತ್ರಿ ನಮ್ಮ ಪರದೆ ಮೇಲೆ ಆರು ಕಿಟಕಿ, ಆರು ಜನ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಲ್ಲ. ನನಗೆ ಥಟ್ಟಂತ ಇವನ ನೆನಪಾಯ್ತು. ಚರ್ಚ್ ಬಿಟ್ಟವನು, ಓದಿದವನು, ಚೆನ್ನಾಗಿ ಮಾತಾಡ್ತಾನೆ. ಫೋನ್ ಮಾಡಿ "ಬಾರಲೇ, ಒಂದು ಅರ್ಧ ಗಂಟೆ" ಅಂದೆ.

ಅವನು ಕೇಳಿದ, "ಬಂದು ಏನ್ ಹೇಳ್ಲಿ?"

"ಯಾಕೆ ಬಿಟ್ಟೆ ಅಂತ ಹೇಳು."

"ನಾನು ಹೇಳೋದು ಎರಡು ನಿಮಿಷ. ಉಳಿದ ಇಪ್ಪತ್ತೆಂಟು ನಿಮಿಷ ನನ್ನ ಪಕ್ಕದ ಕಿಟಕಿಯೋರು ಬೈಯ್ಯೋದು ಯಾರನ್ನ? ನಮ್ಮವ್ವನ್ನ. ನಂಗೆ ಹಾಡು ಕಲಿಸಿದ ಸಿಸ್ಟರನ್ನ. ನಾನು ಬರಲ್ಲ."

ಫೋನ್ ಇಟ್ಟ. ನನಗೆ ಸಿಟ್ಟು ಬಂತು. ಒಳ್ಳೇ ಗೆಸ್ಟ್ ಕೈತಪ್ಪಿದ ಸಿಟ್ಟು, ಬೇರೇನೂ ಅಲ್ಲ. ಅವನ ಬದುಕನ್ನ ನಾನು ಒಂದು ಎಪಿಸೋಡ್ ಅಂತ ನೋಡಿದ್ದೆ. ತಿಂಗಳಾದ ಮೇಲೆ ಊರಿಗೆ ಹೋದಾಗ ಬೆಣ್ಣೆ ದೋಸೆ ಮುಂದೆ ಕೂತು ಕ್ಷಮೆ ಕೇಳಿದೆ. ಆಗ ಅವನು ಹೇಳಿದ್ದನ್ನ ನೀವು ಕೇಳಬೇಕು.

ಮೊದಲ ವರ್ಷ ಅವನೂ ತಪ್ಪು ಮಾಡಿದ್ದ. ಚರ್ಚಿನ ವಾಟ್ಸಾಪ್ ಗ್ರೂಪಲ್ಲಿ ವಾದ, ವಿಡಿಯೋ, ವ್ಯಂಗ್ಯ. ಜೊತೆಗೆ ಹಾಡ್ತಿದ್ದ ಒಬ್ಬ ಗೆಳೆಯ ಅವನನ್ನ ಬ್ಲಾಕ್ ಮಾಡಿದ. ಆ ಸ್ನೇಹ ಇವತ್ತಿಗೂ ಸರಿಹೋಗಿಲ್ಲ. "ಅವನು ಉತ್ತರ ಕೊಡಲಿ ಅಂತ ಕಳಿಸ್ತಿದ್ದೆ. ಅವನಿಗೆ ಅದು ಏಟು ಬಿದ್ದಂಗೆ ಆಗ್ತಿತ್ತು" ಅಂದ. ಆಮೇಲೆ ಗ್ರೂಪಿಂದ ಹೊರಬಂದ. ಆದರೆ ಹತ್ತಿರದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ತಾನೇ ಹೇಳಿದ. ಬೇರೆಯವರ ಬಾಯಿಂದ ಕೇಳಿದರೆ ಸುದ್ದಿ ದೊಡ್ಡದಾಗುತ್ತೆ ಅಂತ ಅವನಿಗೆ ಗೊತ್ತಿತ್ತು.

ಮದುವೆ, ಸಾವು, ಕ್ರಿಸ್‌ಮಸ್ ಯಾವುದಕ್ಕೂ ತಪ್ಪಿಸಲ್ಲ. ಪೂಜೆ ಇದ್ದರೆ ಹಿಂದಿನ ಬೆಂಚಲ್ಲಿ ಕೂರ್ತಾನೆ. ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಸಾಲು ನಿಂತಾಗ ಇವನು ಏಳಲ್ಲ. ಮೊದಲ ಸಲ ಅವ್ವನ ಮುಖ ನೋಡೋಕೆ ಆಗಲಿಲ್ಲವಂತೆ. ಆದರೂ ಏಳಲಿಲ್ಲ. "ನಾಲ್ಕು ಜನ ನೋಡ್ತಾರೆ ಅಂತ ಹೋಗಿ ತಗೊಂಡ್ರೆ ಅದು ಅವರ ನಂಬಿಕೆಗೂ ಅವಮಾನ, ನನಗೂ ಸುಳ್ಳು." ಆ ಸಿಸ್ಟರ್ ಈಗಲೂ "ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ ಮಗ" ಅಂತಾರೆ. ಮೊದಲು ಸಿಟ್ಟು ಬರ್ತಿತ್ತು. ಈಗ "ಮಾಡಿ ಸಿಸ್ಟರ್" ಅಂತಾನೆ. ಅವರಿಗೆ ಗೊತ್ತಿರೋ ಪ್ರೀತಿಯ ಭಾಷೆ ಅದು. ಹಾಗಂತ ಎಲ್ಲದಕ್ಕೂ ತಲೆ ಆಡಿಸಿಲ್ಲ. ಒಬ್ಬ ಸಂಬಂಧಿ ಪ್ರಾರ್ಥನಾ ಕೂಟಕ್ಕೆ ಕರ್ಕೊಂಡು ಹೋಗಿ ಇವನನ್ನ "ಸರಿಮಾಡಿಸ್ತೀನಿ" ಅಂದಾಗ, "ನಂಗೇನೂ ಕಾಯಿಲೆ ಇಲ್ಲ ಮಾಮ, ಕಾಫಿಗೆ ಕರೀರಿ, ಬರ್ತೀನಿ" ಅಂದ. ಎರಡು ವರ್ಷ ಬಿಟ್ಟು ಮಾಮ ಕಾಫಿಗೆ ಕರೆದರು.

ಈಗ ಕಾನೂನು, ದಾಖಲೆ ನೋಡೋಣ. ಸಂವಿಧಾನದ 25ನೇ ವಿಧಿ ಕೊಡೋ ಮೊದಲ ಮಾತೇ ಆತ್ಮಸಾಕ್ಷಿಯ ಸ್ವಾತಂತ್ರ್ಯ. ತನಗೆ ಯಾವ ಧರ್ಮವೂ ಇಲ್ಲ ಅಂತ ಹೇಳೋ ಹಕ್ಕೂ ಅದರಲ್ಲಿದೆ ಅಂತ 2014ರಲ್ಲಿ ಬಾಂಬೆ ಹೈಕೋರ್ಟ್ ಸ್ಪಷ್ಟವಾಗಿ ಹೇಳಿತು. ನಮ್ಮ 2022ರ ಕಾಯ್ದೆಯಲ್ಲಿ ಮತಾಂತರ ಅಂದರೆ ಒಂದು ಧರ್ಮ ಬಿಟ್ಟು ಇನ್ನೊಂದಕ್ಕೆ ಸೇರೋದು. ಒಂದನ್ನ ಬಿಟ್ಟು ಯಾವುದಕ್ಕೂ ಸೇರದವನಿಗೆ ಆ ವ್ಯಾಖ್ಯಾನದಲ್ಲಿ ಜಾಗವೇ ಇಲ್ಲ. ಆ ಕಾಯ್ದೆ ಹಿಂಪಡೆಯಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನ ಮಾಡಿತು. ಅವತ್ತೂ ನಮ್ಮಲ್ಲಿ ಆರು ಕಿಟಕಿ ತೆರೆದವು, ಅವತ್ತೂ ಇವನಂಥವರ ಮಾತು ಬರಲಿಲ್ಲ. ಇನ್ನು ಕ್ಯಾಥೊಲಿಕ್ ಚರ್ಚಿನ ಲೆಕ್ಕ. ಜ್ಞಾನಸ್ನಾನ ಒಮ್ಮೆ ಆದರೆ ಆಯ್ತು, ಅಳಿಸೋ ಹಾಗಿಲ್ಲ. ವಿಧಿವತ್ತಾಗಿ ಚರ್ಚ್ ಬಿಡೋದು ಅಂತ ಮದುವೆ ನಿಯಮಗಳಲ್ಲಿದ್ದ ಮಾತನ್ನೂ 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ತೆಗೆದುಹಾಕಿದರು. ಅಂದರೆ ಚರ್ಚಿನ ಪುಸ್ತಕದಲ್ಲಿ ಇವನ ಹೆಸರು ಹಾಗೇ ಇದೆ. "ಇರಲಿ ಬಿಡು, ಅವ್ವ ಅಪ್ಪ ಎತ್ಕೊಂಡು ಹೋದ ದಿನ ಅದು" ಅಂತಾನೆ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ. ಇಡೀ ದೇಶದಲ್ಲಿ ಧರ್ಮ ತಿಳಿಸದವರು ಸುಮಾರು 29 ಲಕ್ಷ. ಅವರೆಲ್ಲ ನಾಸ್ತಿಕರು ಅಂತಲ್ಲ. ಆದರೆ ಚರ್ಚ್ ಬಿಟ್ಟವರದ್ದಷ್ಟೇ ಕಥೆ ಅಂದ್ಕೋಬೇಡಿ. ಜನಿವಾರ ತೆಗೆದಿಟ್ಟ ಮಗ, ಇಷ್ಟಲಿಂಗ ಕಟ್ಟದ ಮಗಳು, ನಮಾಜಿಗೆ ಹೋಗದ ತಮ್ಮ ಎಷ್ಟು ಮನೇಲಿಲ್ಲ? ಹಬ್ಬದ ದಿನ ಅವರ ತಟ್ಟೆ ಖಾಲಿ. ಕರೆಯೋಕೆ ಇವರಿಗೆ ಬಿಗುಮಾನ, ಬರೋಕೆ ಅವರಿಗೆ ಭಯ.

ಮನೆಯವರಿಗೆ ಒಂದು ಮಾತು. ಬಿಟ್ಟವರು ನಿಮ್ಮನ್ನ ಸೋಲಿಸೋಕೆ ಬಿಟ್ಟಿಲ್ಲ. ಪ್ರತಿ ಭೇಟಿಯಲ್ಲೂ ವಾಪಸ್ ಕರೆಯೋ ಪ್ರಯತ್ನ ಮಾಡಿದರೆ ಅವರು ಬರೋದನ್ನೇ ನಿಲ್ಲಿಸ್ತಾರೆ. ಬಿಟ್ಟವರಿಗೂ ಒಂದು ಮಾತು. ನಿಮ್ಮ ಪ್ರಶ್ನೆಗಳು ಸರಿ ಇರಬಹುದು. ಜ್ವರ ಬಂದಾಗ ರಾತ್ರಿಯಿಡೀ ಕೂತು ಜಪಸರ ಎಣಿಸಿದ ಅಜ್ಜಿ ಮಾತ್ರ ಆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರಲ್ಲ.

ಇವತ್ತು ಬೆಳಿಗ್ಗೆ ಅವನಿಗೆ ಫೋನ್ ಮಾಡಿದ್ದೆ. ಹಿಂದೆ ಗಂಟೆ ಸದ್ದು, ಜನರ ಗದ್ದಲ. ಅವ್ವನಿಗೆ ಮಂಡಿ ನೋವು, ಪ್ರತಿ ವರ್ಷ ಇವನೇ ಕರ್ಕೊಂಡು ಹೋಗ್ತಾನೆ. "ಅವ್ವ ಒಳಗೆ ಮೇಣದಬತ್ತಿ ಹಚ್ತಾ ಐತಿ. ನಾನು ಹೊರಗೆ ಚಪ್ಪಲಿ ಕಾಯ್ತಾ ನಿಂತೀನಿ. ಆಮೇಲೆ ಮಾಡ್ತೀನಲೇ" ಅಂದ.

ನಿಮ್ಮ ಫೋನಲ್ಲೂ ಅಂಥ ಒಂದು ನಂಬರ್ ಇರಬಹುದು, ಬಹಳ ದಿನದಿಂದ ಮಾಡದೇ ಇದ್ದದ್ದು. ಇವತ್ತು ಮಾಡಿ. ದೇವರ ವಿಷಯ ಎತ್ತಬೇಡಿ, ಊಟ ಆಯ್ತಾ ಅಂತ ಕೇಳಿ.