ಆಮೆ ಮಲಗಿದೆ ಅಂದ್ಕೊಂಡಿದ್ವಿ: ದೆಹಲಿ ಚಳಿ ಮತ್ತು ನಮ್ಮನೆ ಎರಡು ಆಮೆ

ಹಿಂದಿನ ಮಾತಿನಲ್ಲಿ ಬಾಲ್ಕನಿ ಗಿಡಗಳನ್ನ ಚಳಿಯಿಂದ ಉಳಿಸೋದು ಹೇಗೆ ಅಂತ ನೋಡಿದ್ವಿ. ಇವತ್ತಿನ ವಿಷಯ ಸ್ವಲ್ಪ ಬೇರೆ: ಸಾಕು ಆಮೆ ಮತ್ತು ಅದರ ಚಳಿಗಾಲದ ನಿದ್ದೆ. ನಾನು ವೈದ್ಯನಲ್ಲ, ನೋಯ್ಡಾದಲ್ಲಿ ಕೋಡ್ ಬರೆಯೋನು. ಆದ್ರೆ ಈ ವಿಷಯದಲ್ಲಿ ಒಂದು ತಪ್ಪು ಮಾಡಿದ್ದೀನಿ. ಅದನ್ನ ನೀವು ಮಾಡಬೇಡಿ ಅಂತ ಹೇಳೋಕೆ ಬಂದಿದ್ದೀನಿ.

ಬೆಂಗಳೂರಲ್ಲಿದ್ದಾಗ ಮಗಳಿಗೆ ಅಂತ ಎರಡು ಪುಟ್ಟ ಆಮೆ ತಂದಿದ್ವಿ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುತ್ತಲ್ಲ, ಅವೇ, ರೆಡ್ ಇಯರ್ಡ್ ಸ್ಲೈಡರ್. ಒಂದಕ್ಕೆ ಕಿಟ್ಟು, ಇನ್ನೊಂದಕ್ಕೆ ಪುಟ್ಟಿ ಅಂತ ಹೆಸರು. ಮೂರು ವರ್ಷ ಏನೂ ತೊಂದರೆ ಇರಲಿಲ್ಲ. ಬೆಂಗಳೂರಿನ ಚಳಿ ಅಂದ್ರೆ ಒಂದು ಸ್ವೆಟರ್ ಅಷ್ಟೇ ತಾನೆ? ಆಮೇಲೆ ಟ್ರಾನ್ಸ್‌ಫರ್ ಆಯ್ತು, ಇಲ್ಲಿಗೆ ಬಂದ್ವಿ.

ಮೊದಲ ಡಿಸೆಂಬರ್ ಕೊನೇಲಿ ಎರಡೂ ಊಟ ಬಿಟ್ಟವು. ಮೂಲೇಲಿ ಸುಮ್ಮನೆ ಕೂತಿರೋದು, ಮುಟ್ಟಿದ್ರೆ ಮಾತ್ರ ಕಾಲು ಅಲ್ಲಾಡಿಸೋದು. ಪಕ್ಕದ ಮನೆಯವರು ಹಿಂದಿಯಲ್ಲಿ ಸಮಾಧಾನ ಹೇಳಿದ್ರು, "ಚಳಿಗೆ ಮಲಗಿವೆ, ಮಾರ್ಚಲ್ಲಿ ಏಳ್ತವೆ" ಅಂತ. ಊರಿಂದ ಅಮ್ಮನೂ ಫೋನಲ್ಲಿ ಅದನ್ನೇ ಅಂದ್ರು. ನಂಗೂ ಶಾಲೇಲಿ ಓದಿದ್ದು ನೆನಪಿತ್ತು. ಸರಿ, ಮಲಗಲಿ ಬಿಡು ಅಂತ ಸುಮ್ಮನಾದೆ. ಆದ್ರೂ ದಿನಾ ನಾಲ್ಕು ಕಾಳು ಆಹಾರ ಹಾಕ್ತಿದ್ದೆ. ಪುಟ್ಟಿ ಒಂದೊಂದು ದಿನ ತಿಂತಿತ್ತು.

ಸಂಕ್ರಾಂತಿ ಹೊತ್ತಿಗೆ ಪುಟ್ಟಿ ಒಂದು ಕಡೆ ವಾಲಿಕೊಂಡು ಈಜೋಕೆ ಶುರುಮಾಡ್ತು. ಮೂಗಿನ ಹತ್ರ ಗುಳ್ಳೆ. ಕುತ್ತಿಗೆ ಚಾಚಿ ಬಾಯಿ ತೆರೆದು ಉಸಿರಾಡ್ತಿತ್ತು. ಡಾಕ್ಟರ್ ಹತ್ರ ಓಡಿದ್ವಿ. ಅವರು ಕೇಳಿದ ಮೊದಲ ಪ್ರಶ್ನೆ, "ನೀರಿನ ತಾಪಮಾನ ಎಷ್ಟು?" ನಂಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅಳೆದ್ರೆ 13 ಡಿಗ್ರಿ. "ಇದು ನಿದ್ದೆ ಅಲ್ಲ, ನ್ಯುಮೋನಿಯಾ" ಅಂದ್ರು. ಇಂಜೆಕ್ಷನ್ ಕೊಟ್ರು. ಕಿಟ್ಟು ಉಳಿಯಿತು. ಪುಟ್ಟಿ ಉಳಿಯಲಿಲ್ಲ. ಮಗಳು ಕೇಳಿದ್ದು ಒಂದೇ ಮಾತು: "ಅಪ್ಪಾ, ಅದು ನಿದ್ದೆ ಮಾಡ್ತಿದೆ ಅಂದಿದ್ಯಲ್ಲ?"

ಹಾಗಾದ್ರೆ ನಿಜವಾದ ನಿದ್ದೆ ಯಾವುದು? ಕರಡಿ, ಅಳಿಲುಗಳ ನಿದ್ದೆ ಬೇರೆ, ಆಮೆಯದ್ದು ಬೇರೆ. ಆಮೆ ತಣ್ಣನೆ ರಕ್ತದ ಪ್ರಾಣಿ. ಅದರ ಮೈಗೆ ಸ್ವಂತ ಕಾವಿಲ್ಲ, ಸುತ್ತಲಿನ ನೀರು ಎಷ್ಟು ಬಿಸಿಯೋ ಅಷ್ಟೇ ಅದರ ಮೈಯೂ. ಅದು ಚಳಿಗೆ ಮಂಕಾಗೋದನ್ನ ಬ್ರೂಮೇಶನ್ ಅಂತಾರೆ. ಸ್ಲೈಡರ್‌ನ ತವರು ಅಮೆರಿಕದ ಮಿಸಿಸಿಪ್ಪಿ ನದಿ ಬಯಲು. ಅಲ್ಲಿ ಹಗಲು ಕಮ್ಮಿಯಾಗ್ತಾ, ನೀರು ನಿಧಾನಕ್ಕೆ ತಣ್ಣಗಾಗ್ತಾ ಬಂದ ಹಾಗೆ ಆಮೆ ಊಟ ಬಿಡುತ್ತೆ. ಹೊಟ್ಟೆ ಖಾಲಿಯಾದ ಮೇಲೆ ಕೊಳದ ತಳಕ್ಕೆ ಇಳಿಯುತ್ತೆ. ನೀರು 10 ಡಿಗ್ರಿಗಿಂತ ಕೆಳಗೆ ಹೋದಾಗ ಹೃದಯ ಬಹಳ ನಿಧಾನ ಆಗುತ್ತೆ, ಬೇಕಾದ ಸ್ವಲ್ಪ ಆಮ್ಲಜನಕವನ್ನ ಚರ್ಮದ ಮೂಲಕವೇ ನೀರಿಂದ ಎಳ್ಕೊಳ್ಳುತ್ತೆ. ಕೊಳದ ತಳದಲ್ಲಿ ತಾಪಮಾನ ಬೇಗ ಬೇಗ ಏರಿಳಿಯಲ್ಲ. ಇದು ಅಲ್ಲಿನ ವ್ಯವಸ್ಥೆ.

ಈಗ ನಮ್ಮ ಫ್ಲ್ಯಾಟ್ ನೋಡಿ. ಹೊರಗೆ ರಾತ್ರಿ 5 ಡಿಗ್ರಿ, ಒಳಗೆ ಟ್ಯಾಂಕ್ 12ರಿಂದ 16. ನಾವು ಬ್ಲೋವರ್ ಹಾಕಿದ್ರೆ 18, ಆರಿಸಿದ್ರೆ ಮತ್ತೆ 13. ಕಾಲ್ ಮುಗಿಯೋವರೆಗೂ, ರಾತ್ರಿ ಹನ್ನೊಂದರ ತನಕ ಟ್ಯೂಬ್‌ಲೈಟ್. ಆಮೆಗೆ ಪೂರ್ತಿ ಮಲಗೋಷ್ಟು ತಂಪಿಲ್ಲ, ತಿಂದಿದ್ದು ಅರಗಿಸೋಷ್ಟು ಬಿಸಿಯೂ ಇಲ್ಲ. ಅತ್ತ ದರಿ ಇತ್ತ ಪುಲಿ. ಹೊಟ್ಟೇಲಿರೋ ಆಹಾರ ಅಲ್ಲೇ ಕೊಳೆಯುತ್ತೆ, ರೋಗನಿರೋಧಕ ಶಕ್ತಿ ಕುಗ್ಗುತ್ತೆ, ಶ್ವಾಸಕೋಶಕ್ಕೆ ಸೋಂಕು ಬರುತ್ತೆ. ನಾನು ಪ್ರೀತಿಯಿಂದ ಹಾಕ್ತಿದ್ದ ನಾಲ್ಕು ಕಾಳೂ ಪುಟ್ಟಿಗೆ ಭಾರವಾಗಿತ್ತು.

ಅದಕ್ಕೇ ಫ್ಲ್ಯಾಟ್‌ನಲ್ಲಿ ಆಮೆ ಸಾಕೋರು ಅದನ್ನ ಮಲಗಿಸೋ ಪ್ರಯತ್ನಾನೇ ಮಾಡಬಾರದು. ವರ್ಷಪೂರ್ತಿ ಬೆಚ್ಚಗಿಟ್ರೆ ಅದಕ್ಕೇನೂ ನಷ್ಟ ಇಲ್ಲ. ನಾನು ಈಗ ಮಾಡ್ತಿರೋದು ಇಷ್ಟು:

ಒಂದು, ಥರ್ಮಾಮೀಟರ್. ಮಿಕ್ಕಿದ್ದೆಲ್ಲ ಆಮೇಲೆ. ದೀಪಾವಳಿ ಕಳೀತಿದ್ದ ಹಾಗೆ ದಿನಾ ಬೆಳಿಗ್ಗೆ ನೋಡಿ.

ಎರಡು, ಅಕ್ವೇರಿಯಂ ಹೀಟರ್. ನೀರು 24ರಿಂದ 26 ಡಿಗ್ರಿ ಇರಲಿ. ಲೀಟರಿಗೆ 1ರಿಂದ 2 ವ್ಯಾಟ್ ಲೆಕ್ಕ. ಆಮೆಗೆ ಸುಡದ ಹಾಗೆ ಸುತ್ತ ಜಾಲರಿ ಇರಬೇಕು. ನೀರು ಬದಲಾಯಿಸೋ ಮುಂಚೆ ಪ್ಲಗ್ ಕಿತ್ತಿಡಿ.

ಮೂರು, ನೀರಿಂದ ಮೇಲೆ ಬಂದು ಮೈ ಒಣಗಿಸಿಕೊಳ್ಳೋ ಜಾಗ. ಅಲ್ಲಿ ಬಲ್ಬಿನ ಕಾವು 30 ಡಿಗ್ರಿ ದಾಟಲಿ. ಜೊತೆಗೆ ಯುವಿಬಿ ದೀಪ. ಕಿಟಕಿ ಹತ್ರ ಬಿಸಿಲು ಬರುತ್ತಲ್ಲ ಅನ್ನಬೇಡಿ. ಗಾಜು ಆ ಕಿರಣಗಳನ್ನ ತಡೆಯುತ್ತೆ. ಜನವರಿ ಮಂಜಲ್ಲಿ ಇಲ್ಲಿ ಎಷ್ಟೋ ದಿನ ಸೂರ್ಯನೇ ಕಾಣಲ್ಲ, ನಿಮಗೇ ಗೊತ್ತು.

ನಾಲ್ಕು, ರಜೆಗೆ ಊರಿಗೆ ಹೋಗುವಾಗ ಮೇನ್ ಸ್ವಿಚ್ ಆರಿಸಿ ಹೋಗ್ತೀವಿ. ಹೀಟರ್ ನೆನಪಿರಲಿ. ಬೀಗದ ಕೈಯನ್ನ ಯಾರಿಗಾದ್ರೂ ಕೊಟ್ಟು ಹೋಗಿ.

ಈಗಾಗಲೇ ತಣ್ಣಗಾಗಿರೋ ಆಮೆ ಕಂಡ್ರೆ ಬಿಸಿನೀರಿಗೆ ಹಾಕಬೇಡಿ. ಒಂದು ದಿನದಲ್ಲಿ ನಿಧಾನಕ್ಕೆ ಬೆಚ್ಚಗೆ ಮಾಡಿ, ಅದು ಚುರುಕಾಗೋವರೆಗೆ ಊಟ ಹಾಕಬೇಡಿ. ವಾಲಿ ಈಜೋದು, ಮೂಗಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಊದಿಕೊಂಡ ಕಣ್ಣು, ಇವುಗಳಲ್ಲಿ ಯಾವುದು ಕಂಡ್ರೂ ಅವತ್ತೇ ಡಾಕ್ಟರ್ ಹತ್ರ ಹೋಗಿ. ಸತ್ತಿದೆ ಅಂತಲೂ ಅವಸರದಲ್ಲಿ ನಿರ್ಧರಿಸಬೇಡಿ. ತಣ್ಣಗಿರೋ ಆಮೆ ಸತ್ತ ಹಾಗೇ ಕಾಣುತ್ತೆ, ಡಾಕ್ಟರ್ ನೋಡಿ ಹೇಳಲಿ.

ಇನ್ನೊಂದು ಮಾತು. ವಾಸ್ತು, ಅದೃಷ್ಟ ಅಂತ ನಕ್ಷತ್ರ ಆಮೆ ಇಟ್ಕೊಂಡಿರೋರು ಇದ್ದಾರೆ. ನಮ್ಮ ಕೋಲಾರದ ಕಡೆಯ ಕುರುಚಲು ಕಾಡಿನ ಪ್ರಾಣಿ ಅದು, ಚಳಿನಿದ್ದೆ ಮಾಡೋ ಜಾತಿಯೇ ಅಲ್ಲ. ಅದನ್ನ ಮನೇಲಿಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ನಮ್ಮ ಕೆರೆಗಳ ಮೆತ್ತನೆ ಚಿಪ್ಪಿನ ಆಮೆಗೂ ಇದೇ ಕಾನೂನು. ಸ್ಲೈಡರ್ ವಿದೇಶಿ ಜಾತಿ. ಸಾಕೋಕೆ ಆಗಲ್ಲ ಅಂತ ಅದನ್ನ ಯಮುನೆಗೋ, ಊರಿನ ಕೆರೆಗೋ ಬಿಡಬೇಡಿ. ಅಲ್ಲಿನ ಆಮೆಗಳ ಊಟ, ಜಾಗ ಎರಡನ್ನೂ ಅದು ಕಿತ್ಕೊಳ್ಳುತ್ತೆ. ಮುಟ್ಟಿದ ಮೇಲೆ ಮಕ್ಕಳ ಕೈ ಸೋಪ್ ಹಾಕಿ ತೊಳೆಸಿ, ಆಮೆ ಮೈಮೇಲೆ ಸಾಲ್ಮೊನೆಲ್ಲಾ ಇರುತ್ತೆ. ಹೊಸದಾಗಿ ತರೋ ಯೋಚನೆ ಇದ್ರೆ, ಸ್ಲೈಡರ್ ಇಪ್ಪತ್ತು ಮೂವತ್ತು ವರ್ಷ ಬದುಕುತ್ತೆ ಅನ್ನೋದು ತಲೇಲಿರಲಿ. ಅಷ್ಟರಲ್ಲಿ ನಿಮಗೆ ಎಷ್ಟು ಟ್ರಾನ್ಸ್‌ಫರ್ ಆಗುತ್ತೋ!

ಕಿಟ್ಟು ಈಗ ಚೆನ್ನಾಗಿದೆ. ಪ್ರತಿದಿನ ಬೆಳಿಗ್ಗೆ ಸ್ಕೂಲ್ ವ್ಯಾನ್ ಬರೋ ಮುಂಚೆ ಮಗಳು ಥರ್ಮಾಮೀಟರ್ ನೋಡಿ ಕೂಗ್ತಾಳೆ, "ಅಪ್ಪಾ, ಇಪ್ಪತ್ತೈದು!" ಅಂತ. ಅದನ್ನ ಕೇಳಿದ ಮೇಲೇ ನನ್ನ ಕಾಫಿ.

ನಿಮ್ಮನೆಯಲ್ಲೂ ಆಮೆ ಇದ್ರೆ, ಈ ಮಾತು ಮುಗಿದ ಕೂಡಲೇ ಎದ್ದು ಹೋಗಿ ನೀರು ಅಳೀರಿ. ಮುಂದಿನ ವಾರ ಸಿಗೋಣ. ನಮಸ್ಕಾರ.